ಮಲ್ಟಿಟೂಲ್ ಬಿಗಿಯಾಯ್ತಾ? ಎಣ್ಣೆ ಆಮೇಲೆ, ಮೊದಲು ಸ್ನಾನ

ಮಡಚುವ ಚಾಕು, ಇಲ್ಲವೇ ಹತ್ತಾರು ಸಲಕರಣೆ ಒಂದೇ ಹಿಡಿಯೊಳಗೆ ಮಡಚಿ ಕೂರುವ ಮಲ್ಟಿಟೂಲ್ ಬಿಗಿಯಾದರೆ ನಮ್ಮಲ್ಲಿ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮನೆಯಲ್ಲಿ ಕೈಗೆ ಸಿಕ್ಕ ಎಣ್ಣೆ ತಂದು ಕೀಲಿಗೆ ಬಿಡುವುದು. ನಾಲ್ಕು ಸಲ ತೆಗೆದು ಮುಚ್ಚಿದರೆ ಸಲೀಸಾಗಿ ಆಡುತ್ತದೆ. ರಿಪೇರಿ ಆಯ್ತು ಅಂತ ಜೇಬಿಗೆ ಹಾಕಿಕೊಳ್ಳುತ್ತೇವೆ. ಒಂದಿಷ್ಟು ದಿನ ಕಳೆದರೆ ಮೊದಲಿಗಿಂತ ಜಾಸ್ತಿ ಬಿಗಿ. ಮತ್ತೆ ಎಣ್ಣೆ.

ಕೀಲಿನೊಳಗೆ ಏನೇನು ಸೇರಿಕೊಂಡಿರುತ್ತದೆ ಅಂತ ನೋಡಿದರೆ ಇದರ ಕಾರಣ ಗೊತ್ತಾಗುತ್ತದೆ. ಜೇಬಿನ ನೂಲು, ರಸ್ತೆಯ ಧೂಳು, ಹಣ್ಣಿನ ರಸ ಒಣಗಿದ ಅಂಟು, ವೈರ್ ಸುಲಿದಾಗ ಬಿದ್ದ ಪ್ಲಾಸ್ಟಿಕ್ ಚೂರು. ಇದರ ಮೇಲೆ ಎಣ್ಣೆ ಬಿಟ್ಟರೆ ಎಲ್ಲಾ ಸೇರಿ ಕಪ್ಪು ಲೇಪ ಆಗುತ್ತದೆ. ಆ ಲೇಪದಲ್ಲಿ ನಾಲ್ಕು ಮರಳಿನ ಕಣ ಇದ್ದರಂತೂ ಪ್ರತಿ ಸಲ ತೆಗೆದು ಮುಚ್ಚುವಾಗಲೂ ಕೀಲು ಸವೆಯುತ್ತದೆ. ಎಣ್ಣೆಯ ತೇವಕ್ಕೆ ಹೊಸ ಧೂಳೂ ಬಂದು ಅಂಟಿಕೊಳ್ಳುತ್ತದೆ.

ಹಾಗಾಗಿ ಕ್ರಮ ಇಷ್ಟೇ: ಮೊದಲು ತೊಳೆಯಬೇಕು, ಆಮೇಲೆ ಪೂರ್ತಿ ಒಣಗಿಸಬೇಕು, ಕೊನೆಗೆ ಒಂದು ಹನಿ ಎಣ್ಣೆ. ಕೈ ಕೆಲಸ ಅರ್ಧ ಗಂಟೆಯದು. ಒಣಗುವುದಕ್ಕೆ ಒಂದು ರಾತ್ರಿ ಬಿಡಬೇಕು. ಆತುರ ಇರುವ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ.

ನಿಮ್ಮ ಕೈಯಲ್ಲಿರುವುದು ಯಾವುದು?

ಮುಖ್ಯವಾಗಿ ಎರಡು ಬಗೆ. ಒಂದು, ಕೆಂಪು ಹಿಡಿಯ ಸ್ವಿಸ್ ಚಾಕು ಮತ್ತು ಅದರ ನೂರಾರು ನಕಲುಗಳು. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1884ರಲ್ಲಿ ಶುರು ಮಾಡಿದ ಕಾರ್ಖಾನೆಯೇ ಇವತ್ತಿನ ವಿಕ್ಟೋರಿನಾಕ್ಸ್. ಆತ 1897ರಲ್ಲಿ ತಂದ ಚಾಕುವಿನ ಜಾಣತನ ಇದ್ದದ್ದು ಸ್ಪ್ರಿಂಗಿನಲ್ಲಿ. ಹಿಡಿಯ ಬೆನ್ನಿಗಿರುವ ಒಂದೇ ಪಟ್ಟಿ ಸ್ಪ್ರಿಂಗ್, ಎರಡೂ ಕಡೆಯ ಸಲಕರಣೆಗಳನ್ನು ಒತ್ತಿ ಹಿಡಿಯುತ್ತದೆ. ಬ್ಲೇಡ್ ಮುಚ್ಚುವಾಗ ಟಪ್ ಅನ್ನುವ ಸದ್ದು ಬರುತ್ತದಲ್ಲ, ಅದು ಈ ಸ್ಪ್ರಿಂಗಿನದು. ಬ್ಲೇಡಿನ ಬುಡವೂ ಈ ಸ್ಪ್ರಿಂಗೂ ಉಜ್ಜುವ ಜಾಗವೇ ಎಣ್ಣೆ ಬೇಕಾದ ಮುಖ್ಯ ಜಾಗ. ಇವುಗಳಲ್ಲಿ ಸ್ಕ್ರೂ ಇರುವುದು ಕಡಿಮೆ. ಹೆಚ್ಚಿನವನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ, ಬಿಚ್ಚೋಕೆ ಆಗಲ್ಲ.

ಇನ್ನೊಂದು, ನಡುವೆ ಇಕ್ಕಳ ಇರುವ ಮಲ್ಟಿಟೂಲ್. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹೆಂಡತಿಯ ಜೊತೆ ಹಳೇ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ, ಜೇಬಿನ ಚಾಕುವಿನಲ್ಲಿ ಇಕ್ಕಳ ಇಲ್ಲವಲ್ಲ ಅಂತ ಪರದಾಡಿದ. ಅವನ ಮೊದಲ ಟೂಲ್ ಮಾರಾಟಕ್ಕೆ ಬಂದದ್ದು 1983ರಲ್ಲಿ. ನಮ್ಮಲ್ಲಿ ಇವು ಸಾಮಾನ್ಯವಾಗಿ ಅಮೆರಿಕದಿಂದ ಬಂದ ಭಾವನೋ ಭಾವಮೈದುನನೋ ತಂದುಕೊಟ್ಟವು. ಇಲ್ಲವೇ ಆನ್‌ಲೈನಿನಲ್ಲಿ ಕೊಂಡ ಅಗ್ಗದ ರೂಪಗಳು. ಇವುಗಳಲ್ಲಿ ಇಕ್ಕಳದ ನಡುಗೀಲು ಮತ್ತು ಎರಡು ಹಿಡಿಗಳ ಬುಡದ ಕೀಲುಗಳೇ ಹೆಚ್ಚು ದುಡಿಯುವುದು.

ಬ್ಯಾಟರಿ, ಎಲ್‌ಇಡಿ, ಪೆನ್‌ಡ್ರೈವ್ ಇರುವ ಮಾದರಿ ಆದರೆ ನೀರಿಗೆ ಮುಳುಗಿಸುವ ಮಾತೇ ಬೇಡ. ಒದ್ದೆ ಬ್ರಷ್, ಒದ್ದೆ ಬಟ್ಟೆಯಲ್ಲೇ ಮುಗಿಸಿ. ಮರದ ಹಿಡಿಯದ್ದಕ್ಕೂ ಅಷ್ಟೇ. ನೆನೆದ ಮರ ಉಬ್ಬುತ್ತದೆ, ಸೀಳುತ್ತದೆ.

ಸ್ಟೇನ್‌ಲೆಸ್ ಅಲ್ವಾ, ಯಾಕೆ ಇಷ್ಟೆಲ್ಲಾ?

ಈ ಪ್ರಶ್ನೆ ಬಂದೇ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲ್‌ಗೆ ತುಕ್ಕು ಹಿಡಿಯುವುದು ಕಡಿಮೆ, ಹಿಡಿಯುವುದೇ ಇಲ್ಲ ಅಂತಲ್ಲ. ಅದರಲ್ಲಿ ಶೇ. 10.5ಕ್ಕಿಂತ ಹೆಚ್ಚು ಕ್ರೋಮಿಯಂ ಇರುತ್ತದೆ. ಆ ಕ್ರೋಮಿಯಂ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಕಾಪಾಡುವುದು ಆ ಪೊರೆಯೇ. ಗೀರಿದರೆ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ, ಗಾಳಿ ಸಿಗಬೇಕು ಅಷ್ಟೆ. ಕೀಲಿನ ಸಂದಿಯಲ್ಲಿ ಕೊಳೆ, ನೀರು ತುಂಬಿ ಕೂತರೆ ಗಾಳಿ ಎಲ್ಲಿಂದ ಬರಬೇಕು? ಅದಕ್ಕೇ ತುಕ್ಕು ಶುರುವಾಗುವುದು ಹೊಳೆಯುವ ಬ್ಲೇಡಿನ ಮೇಲಲ್ಲ, ಕಾಣದ ಸಂದಿಯಲ್ಲಿ.

ಈ ಪೊರೆಯ ದೊಡ್ಡ ಶತ್ರು ಉಪ್ಪು. ಬೆವರು, ಸಮುದ್ರದ ಗಾಳಿ, ಉಪ್ಪಿನಕಾಯಿ ರಸ ಎಲ್ಲದರಲ್ಲೂ ಅದೇ. ಕಾರವಾರ, ಉಡುಪಿ, ಮಂಗಳೂರಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಬಟ್ಟೆಗೆ ಹಾಕುವ ಬ್ಲೀಚ್ ಕೂಡ ಅದೇ ಕೆಲಸ ಮಾಡುತ್ತದೆ, ಅದನ್ನು ಹತ್ತಿರಕ್ಕೂ ತರಬೇಡಿ. ಮಡಚುವ ಚಾಕುಗಳ ಸ್ಟೀಲಿನಲ್ಲಿ ಹರಿತ ನಿಲ್ಲಲಿ ಅಂತ ಇಂಗಾಲವನ್ನೂ ಸೇರಿಸಿರುತ್ತಾರೆ. ಹಾಗಾಗಿ ಊಟದ ಸ್ಟೀಲ್ ತಟ್ಟೆಯಷ್ಟು ಧೈರ್ಯ ಇವುಗಳ ಮೇಲೆ ಬೇಡ.

ಏನೇನು ಬೇಕು

ಹಳೇ ಹಲ್ಲುಜ್ಜುವ ಬ್ರಷ್. ಟೂತ್‌ಪಿಕ್, ಅದಿಲ್ಲದಿದ್ದರೆ ತೆಂಗಿನ ಗರಿಯ ಹೊಸ ಪೊರಕೆಯಿಂದ ಎಳೆದ ಎರಡು ಕಡ್ಡಿ. ನಿಜ ಹೇಳಬೇಕೆಂದರೆ ಪೊರಕೆ ಕಡ್ಡಿಯೇ ಮೇಲು. ಟೂತ್‌ಪಿಕ್ ಸಂದಿಯಲ್ಲಿ ಮುರಿದುಕೊಳ್ಳುತ್ತದೆ, ಇದು ಬಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್, ಒಂದು ಬಟ್ಟಲು ಬಿಸಿನೀರು, ಹಳೇ ಬನಿಯನ್ ಬಟ್ಟೆ. ಎಣ್ಣೆಯ ವಿಷಯ ಮುಂದೆ ಹೇಳುತ್ತೇನೆ. ಸೂಜಿ, ಪಿನ್ನು, ಬ್ಲೇಡಿನ ತುದಿಯಿಂದ ಕೆರೆಯಬೇಡಿ. ಗೀರು ಬಿದ್ದ ಕಡೆ ಕೊಳೆ ಇನ್ನೂ ಚೆನ್ನಾಗಿ ಕೂರುತ್ತದೆ.

ಮಸೆಯುವುದಿದ್ದರೆ ತೊಳೆಯುವ ಮೊದಲೇ ಮಸೆದುಬಿಡಿ. ಸಾಣೆ ಕಲ್ಲಿನ ಪುಡಿ ಕೀಲಿನೊಳಗೆ ಹೋಗದೆ ಇರುವುದಿಲ್ಲ. ತೊಳೆದು ಎಣ್ಣೆ ಹಾಕಿದ ಮೇಲೆ ಮಸೆದರೆ ಮಾಡಿದ್ದೆಲ್ಲಾ ವ್ಯರ್ಥ. ಮಸೆಯುವಾಗ ಪ್ರತಿ ಕಡೆಗೂ 15ರಿಂದ 20 ಡಿಗ್ರಿ ಓರೆ ಸಾಕು. ಗರಗಸದಂಥ ಹಲ್ಲಿರುವ ಭಾಗವನ್ನು ಚಪ್ಪಟೆ ಕಲ್ಲಿಗೆ ಹಚ್ಚಬೇಡಿ, ಹಲ್ಲು ಸವೆದು ಹೋಗುತ್ತವೆ.

ಒಣ ಕೆಲಸ ಮೊದಲು

ಚೆನ್ನಾಗಿ ಬೆಳಕಿರುವ ಕಡೆ ಕೂತು ಎಲ್ಲವನ್ನೂ ಒಂದೊಂದಾಗಿ ತೆರೆದು ನೋಡಿ. ಒಟ್ಟಿಗೆ ಎಲ್ಲಾ ತೆರೆದು ಮುಳ್ಳುಹಂದಿ ಮಾಡಿಕೊಂಡರೆ ಕೈ ಕುಯ್ದುಕೊಳ್ಳುವುದು ಗ್ಯಾರಂಟಿ. ಚಾಕುವಿನ ಬ್ಲೇಡ್ ಮತ್ತು ಗರಗಸ ಕೊನೆಗೆ ಇರಲಿ. ಹಿಡಿಯಲ್ಲಿ ಸಿಕ್ಕಿಸಿರುವ ಚಿಮಟ, ಹಲ್ಲುಕಡ್ಡಿ ಇದ್ದರೆ ತೆಗೆದು ಪಕ್ಕಕ್ಕಿಡಿ. ಆ ತೂತುಗಳಲ್ಲೂ ಕೊಳೆ ಇರುತ್ತದೆ.

ಈಗ ಹಿಡಿಯ ಒಳಗೆ ಸಲಕರಣೆಗಳು ಮಡಚಿ ಕೂರುವ ಉದ್ದ ಗೂಡುಗಳನ್ನು ನೋಡಿ. ತಳದಲ್ಲಿ ಬೂದು ಬಣ್ಣದ ದಪ್ಪ ಕಂಬಳಿ ಚೂರಿನ ಥರ ಏನೋ ಕೂತಿರುತ್ತದೆ. ಜೇಬಿನ ನೂಲು ಎಣ್ಣೆ ಕುಡಿದು ಒತ್ತಿಕೊಂಡದ್ದು ಅದು. ಕಡ್ಡಿಯ ತುದಿಯನ್ನು ಸ್ಪ್ರಿಂಗಿನ ಉದ್ದಕ್ಕೂ ಮೆಲ್ಲಗೆ ಎಳೆದರೆ ಉದ್ದ ಬತ್ತಿಯಂತೆ ಎದ್ದು ಬರುತ್ತದೆ. ತುಂಬ ಸಲ ಬಿಗಿ ಅನ್ನಿಸಿದ್ದಕ್ಕೆ ಕಾರಣ ಇಷ್ಟೇ ಇರುತ್ತದೆ. ಬ್ಲೇಡ್ ಪೂರ್ತಿ ಒಳಗೆ ಕೂರದೆ ತುಸು ಮೇಲೆದ್ದೇ ನಿಲ್ಲುತ್ತಿದ್ದರೂ ಈ ನೂಲಿನದೇ ಕೆಲಸ. ಒದ್ದೆ ಮಾಡುವ ಮೊದಲೇ ಇದನ್ನು ತೆಗೆಯಬೇಕು. ನೀರು ಬಿದ್ದರೆ ಇದು ಕೆಸರಾಗಿ ಮೂಲೆ ಸೇರುತ್ತದೆ.

ಏಳದಷ್ಟು ಬಿಗಿಯಾದ ಸಲಕರಣೆ ಇದ್ದರೆ ಹಲ್ಲಿನಿಂದ ಎಳೆಯಬೇಡಿ, ಇನ್ನೊಂದು ಇಕ್ಕಳದಿಂದಲೂ ಎಳೆಯಬೇಡಿ. ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಡಿ, ತಾನೇ ಸಡಿಲ ಆಗುತ್ತದೆ.

ಮೇಣ, ಚೊಗರು, ಟೇಪಿನ ಅಂಟು

ಸೋಪು ನೀರಿಗೆ ಬಗ್ಗದ ಕೆಲವು ಕೊಳೆ ಇವೆ. ಅದನ್ನು ಸ್ನಾನಕ್ಕೆ ಮುಂಚೆಯೇ ಬಿಡಿಸಬೇಕು.

ಹಲಸಿನ ಮೇಣ ಇವುಗಳಲ್ಲಿ ಮೊದಲನೆಯದು. ಅದಕ್ಕೆ ನೀರು ತಾಗಿಸಿದರೆ ಇನ್ನಷ್ಟು ಗಟ್ಟಿಯಾಗಿ ಅಂಟುತ್ತದೆ. ಹಲಸು ಬಿಡಿಸುವ ಮೊದಲು ಅಜ್ಜಿ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದುದು ಸುಮ್ನೆ ಅಲ್ಲ. ಬ್ಲೇಡಿಗೆ ಕೊಬ್ಬರಿ ಎಣ್ಣೆ ಹಚ್ಚಿ ಐದು ನಿಮಿಷ ಬಿಡಿ. ಪೇಪರಿನಲ್ಲಿ ಬುಡದಿಂದ ತುದಿಯ ಕಡೆಗೆ, ಅಲಗಿನ ಬೆನ್ನು ಹಿಡಿದು ಒರೆಸಿ. ಎರಡು ಸಲ ಮಾಡಿದರೆ ಹೋಗುತ್ತದೆ. ಪಾರ್ಸೆಲ್ ಬಿಚ್ಚುವಾಗ ಹತ್ತುವ ಟೇಪಿನ ಅಂಟಿಗೂ ಇದೇ ಮದ್ದು. ಅಂಟು ಹಳೆಯದಾಗಿದ್ದರೆ ಹತ್ತಿಯಲ್ಲಿ ಸ್ವಲ್ಪ ಸರ್ಜಿಕಲ್ ಸ್ಪಿರಿಟ್ ಅದ್ದಿ ಉಜ್ಜಿ, ಲೋಹದ ಮೇಲೆ ಮಾತ್ರ. ಕೆಂಪು ಪ್ಲಾಸ್ಟಿಕ್ ಹಿಡಿಗೆ ಸ್ಪಿರಿಟ್ ಬೇಡ. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಅಂತೂ ಖಂಡಿತ ಬೇಡ, ಹಿಡಿಯೇ ಕರಗಿ ಅಂಟಂಟಾಗುತ್ತದೆ.

ಅಡಿಕೆ ಸೀಮೆಯವರ ಚಾಕುವಿನಲ್ಲಿ ಚೊಗರಿನ ಕಪ್ಪು ಇದ್ದೇ ಇರುತ್ತದೆ. ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಬಾಳೆಕಾಯಿ, ಎಳನೀರಿನ ಸಿಪ್ಪೆ ಕೊಯ್ದರೂ ಹೀಗೇ. ಇದು ಕಲೆ, ತುಕ್ಕಲ್ಲ. ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಹಾಕಿ ಗಟ್ಟಿಯಾಗಿ ಕಲಸಿ ಬ್ರಷ್‌ನಲ್ಲಿ ಉಜ್ಜಿದರೆ ಬಹುಪಾಲು ಹೋಗುತ್ತದೆ. ಪೂರ್ತಿ ಹೋಗದಿದ್ದರೂ ನಷ್ಟವೇನಿಲ್ಲ. ಬಟ್ಟೆ ಒಗೆಯುವ ಸೋಡಾ ಬಳಸಬೇಡಿ. ಕೆಲವು ಚಾಕುಗಳ ಒಳಗಿನ ತೆಳು ತಗಡುಗಳು ಅಲ್ಯೂಮಿನಿಯಂನವು. ಆ ಸೋಡಾ ತಾಗಿದರೆ ಅವು ಕಪ್ಪಾಗುತ್ತವೆ.

ಗ್ಯಾರೇಜಿನಲ್ಲಿ ಕೆಲಸ ಮಾಡುವವರು ಪೆಟ್ರೋಲಿನಲ್ಲಿ ಅದ್ದಿ ತೊಳೆಯುತ್ತಾರೆ. ಗ್ರೀಸ್ ಹೋಗುತ್ತದೆ, ನಿಜ. ಆದರೆ ಮನೆಯೊಳಗೆ, ಅದೂ ಅಡುಗೆಮನೆಯ ಸಿಂಕಿನ ಹತ್ತಿರ ಪೆಟ್ರೋಲ್ ಬಟ್ಟಲು ಇಡುವುದು ಬೇಡವೇ ಬೇಡ. ಬಿಸಿನೀರಿಗೆ ಪಾತ್ರೆ ಲಿಕ್ವಿಡ್ ಸ್ವಲ್ಪ ಜಾಸ್ತಿ ಹಾಕಿದರೆ ಗ್ರೀಸೂ ಬಿಡುತ್ತದೆ, ಹೊತ್ತು ಹಿಡಿಯುತ್ತದೆ ಅಷ್ಟೆ.

ತೊಳೆಯುವುದು

ಬಟ್ಟಲಿಗೆ ಕೈ ತಡೆಯುವಷ್ಟು ಬಿಸಿನೀರು ಹಾಕಿ. ಕುದಿಯುವ ನೀರು ಬೇಡ, ಪ್ಲಾಸ್ಟಿಕ್ ಹಿಡಿ ಸೊಟ್ಟಗಾಗಬಹುದು. ಅರ್ಧ ಚಮಚ ಪಾತ್ರೆ ಲಿಕ್ವಿಡ್ ಕಲಸಿ ಟೂಲನ್ನು ಮುಳುಗಿಸಿ, ಐದು ನಿಮಿಷ ಬಿಡಿ.

ಈಗ ಮುಖ್ಯ ಕೆಲಸ. ನೀರಿನೊಳಗೇ ಇಟ್ಟುಕೊಂಡು ಒಂದೊಂದು ಸಲಕರಣೆಯನ್ನೂ ಹತ್ತು ಹದಿನೈದು ಸಲ ತೆಗೆದು ಮುಚ್ಚಿ. ನೀರಿನ ಮೇಲಲ್ಲ, ಒಳಗೆ. ಕೀಲು ಆಡಿದಂತೆ ಸೋಪು ನೀರು ಒಳಗೆ ನುಗ್ಗುತ್ತದೆ, ಹೊರಗೆ ಬರುತ್ತದೆ, ಬರುವಾಗ ಕೊಳೆ ಹೊತ್ತು ತರುತ್ತದೆ. ತಿಳಿನೀರಿನಲ್ಲಿ ಕೀಲಿನಿಂದ ಕಂದು ಹೊಗೆಯಂತೆ ಏಳುವುದು ಕಣ್ಣಿಗೇ ಕಾಣುತ್ತದೆ. ವಿಕ್ಟೋರಿನಾಕ್ಸ್ ಕಂಪನಿಯವರು ತಮ್ಮ ಚಾಕುಗಳಿಗೆ ಹೇಳುವ ವಿಧಾನವೂ ಇದೇ: ಬೆಚ್ಚಗಿನ ನೀರಿನಲ್ಲಿ ತೆಗೆದು ಮುಚ್ಚಿ, ಒಣಗಿಸಿ, ಒಂದು ಹನಿ ಎಣ್ಣೆ ಬಿಡಿ. ಸೋಪು ಕೈಗೆ ಜಾರುತ್ತದೆ. ಹಾಗಾಗಿ ಬ್ಲೇಡನ್ನು ಮುಚ್ಚುವಾಗ ಬೆರಳು ಗೂಡಿನ ಬಾಯಿಗೆ ಅಡ್ಡ ಬಾರದಂತೆ ಹಿಡಿಯ ಎರಡು ಪಕ್ಕಗಳಲ್ಲಿ ಮಾತ್ರ ಹಿಡಿಯಿರಿ. ಲಾಕ್ ಇರುವ ಬ್ಲೇಡ್ ಆದರೆ ಲಾಕ್ ಬಿಡಿಸುವ ಹೆಬ್ಬೆರಳು ದಾರಿಯಲ್ಲೇ ಇರುತ್ತದೆ. ಅಲ್ಲಿ ನಿಧಾನ.

ಇಕ್ಕಳ ಇರುವ ಟೂಲ್ ಆದರೆ ಇಕ್ಕಳದ ಬಾಯಿಯ ಹಲ್ಲುಗಳು, ವೈರ್ ಕತ್ತರಿಸುವ ಸಂದಿ, ಅರದ ಗೀರುಗಳು ಬ್ರಷ್ ಬೇಡುವ ಜಾಗಗಳು. ಅರದೊಳಗೆ ಕೂತ ಲೋಹದ ಪುಡಿಯನ್ನು ಬಿಡಲೇಬೇಡಿ. ಮಾಮೂಲಿ ಕಬ್ಬಿಣ ಉಜ್ಜಿದ ಪುಡಿ ಅಲ್ಲೇ ತುಕ್ಕು ಹಿಡಿದು, ಅರಕ್ಕೇ ತುಕ್ಕು ಹತ್ತಿದಂತೆ ಕಾಣುತ್ತದೆ. ಗೀರು ಯಾವ ಕಡೆಗಿದೆಯೋ ಆ ಕಡೆಗೇ ಬ್ರಷ್ ಎಳೆಯಿರಿ, ಅಡ್ಡಕ್ಕಲ್ಲ. ಕತ್ತರಿಯ ಸಣ್ಣ ಸ್ಪ್ರಿಂಗ್ ತುಂಬ ಸೂಕ್ಷ್ಮ, ಅದನ್ನು ಬ್ರಷ್‌ನಿಂದ ಎಬ್ಬಿಸಬೇಡಿ.

ನೀರು ಕಪ್ಪಾದರೆ ಬದಲಾಯಿಸಿ ಇನ್ನೊಂದು ಸುತ್ತು. ಕೊನೆಗೆ ನಲ್ಲಿಯ ಕೆಳಗೆ ಹಿಡಿದು, ಮತ್ತೆ ತೆಗೆದು ಮುಚ್ಚುತ್ತಾ, ಸೋಪು ಪೂರ್ತಿ ಹೋಗುವವರೆಗೆ ತೊಳೆಯಿರಿ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೊನೆಯ ಒಂದು ಲೋಟ ಫಿಲ್ಟರ್ ನೀರಿನಲ್ಲಿ ಆಗಲಿ. ಇಲ್ಲವಾದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ. ಪಾತ್ರೆ ತೊಳೆಯುವ ಮಿಷನ್‌ಗೆ ಹಾಕಬಹುದಾ? ಬೇಡ. ಅಷ್ಟು ಬಿಸಿ, ಅಷ್ಟು ತೀಕ್ಷ್ಣವಾದ ಸೋಪಿನ ಪುಡಿ, ಗಂಟೆಗಟ್ಟಲೆ ಉಗಿ ಇದಕ್ಕೆ ಒಗ್ಗುವುದಿಲ್ಲ.

ಒಣಗಿಸುವುದು

ಎಲ್ಲರೂ ಹಾರಿಸುವ ಹಂತ ಇದು. ಹೊರಗೆ ಒರೆಸಿದ ತಕ್ಷಣ ಒಣಗಿದಂತೆ ಕಾಣುತ್ತದೆ, ಎಣ್ಣೆ ಹಾಕಿಬಿಡುತ್ತಾರೆ. ಕೀಲಿನೊಳಗೆ ನೀರು ಹಾಗೇ ಇರುತ್ತದೆ. ಎಣ್ಣೆ ಅದರ ಮೇಲೆ ಮುಚ್ಚಳ ಹಾಕಿದಂತಾಗುತ್ತದೆ. ತೊಳೆಯದೇ ಇದ್ದಿದ್ದರೇ ವಾಸಿ ಇತ್ತು ಅನ್ನಿಸುವಂತೆ ತುಕ್ಕು ಹಿಡಿಯುವುದು ಆಗಲೇ.

ಮೊದಲು ಜೋರಾಗಿ ಒದರಿ. ಮಡಿಸಿದ ಟವೆಲ್ ಮೇಲೆ ಗೂಡಿನ ಬಾಯಿ ಕೆಳಗೆ ಮಾಡಿ ನಾಲ್ಕು ಸಲ ಕುಟ್ಟಿ. ಎಷ್ಟು ನೀರು ಉದುರುತ್ತದೆ ಅಂತ ಆಶ್ಚರ್ಯ ಆಗುತ್ತದೆ. ಬನಿಯನ್ ಬಟ್ಟೆಯ ಮೂಲೆಯನ್ನು ಕಡ್ಡಿಗೆ ಸುತ್ತಿ ಗೂಡಿನ ಒಳಗೆಲ್ಲಾ ಎಳೆಯಿರಿ. ಹೇರ್ ಡ್ರೈಯರ್ ಇದ್ದರೆ ಕಡಿಮೆ ಬಿಸಿಯಲ್ಲಿ ಎರಡು ನಿಮಿಷ, ಸಲಕರಣೆಗಳನ್ನು ಅರ್ಧ ತೆರೆದು. ಆಮೇಲೆ ಹಾಗೇ ಅರ್ಧ ತೆರೆದಿಟ್ಟು ಬಿಸಿಲಿಗೆ ಅಥವಾ ಫ್ಯಾನಿನ ಕೆಳಗೆ ಬಿಡಿ. ಬೇಸಿಗೆಯ ಕಲಬುರಗಿಯಲ್ಲಿ ಒಂದು ಗಂಟೆ ಸಾಕು. ಆಗುಂಬೆಯ ಜುಲೈನಲ್ಲಿ ರಾತ್ರಿಯಿಡೀ ಬಿಟ್ಟರೂ ಸಂಶಯವೇ. ಅಂಥ ಕಡೆ ಬಚ್ಚಲ ಒಲೆಯ ಕಟ್ಟೆ ಒಳ್ಳೆಯ ಜಾಗ. ಬೆಂಕಿಯಿಂದ ಒಂದೆರಡು ಅಡಿ ದೂರ, ಕೈ ಇಟ್ಟರೆ ಹಿತವಾಗಿ ಬೆಚ್ಚಗಿರುವಷ್ಟು ಇದ್ದರೆ ಸಾಕು. ಗ್ಯಾಸ್ ಒಲೆಯ ಉರಿಗೆ ಹಿಡಿದು ಒಣಗಿಸಬೇಡಿ. ಬ್ಲೇಡಿಗೆ ಕೊಟ್ಟ ಹದ ಇಳಿದುಹೋಗುತ್ತದೆ, ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಪೂರ್ತಿ ಲೋಹದ ಟೂಲ್ ಆದರೆ ಸರ್ಜಿಕಲ್ ಸ್ಪಿರಿಟ್ ಒಂದೆರಡು ಹನಿ ಕೀಲಿಗೆ ಬಿಟ್ಟು ಆಡಿಸಿದರೆ ನೀರನ್ನು ಜೊತೆಗೆ ಕರೆದುಕೊಂಡು ಆರಿಹೋಗುತ್ತದೆ. ಬೆಂಕಿಯಿಂದ ದೂರ ಇಟ್ಟುಕೊಳ್ಳಿ. ಒದ್ದೆಯಾದ ಮೊಬೈಲನ್ನು ಅಕ್ಕಿ ಡಬ್ಬಿಯಲ್ಲಿ ಹೂಳುವ ಅಭ್ಯಾಸ ಇರುವವರಿಗೆ ಒಂದು ಮಾತು: ಇದನ್ನು ಹೂಳಬೇಡಿ. ಅಕ್ಕಿಯ ಹಿಟ್ಟು ಕೀಲಿಗೆ ಸೇರಿ ಗಂಜಿಯಾಗುತ್ತದೆ.

ಒಣಗಿದೆಯೋ ಇಲ್ಲವೋ ನೋಡಲು ಒಂದು ಉಪಾಯ. ಕೀಲಿನ ಹತ್ತಿರ ಟಿಶ್ಯೂ ಪೇಪರ್ ಒತ್ತಿ ಹಿಡಿದು ಸಲಕರಣೆಯನ್ನು ಎರಡು ಸಲ ಆಡಿಸಿ. ಪೇಪರಿನಲ್ಲಿ ಒದ್ದೆ ಚುಕ್ಕೆ ಬಂದರೆ ಇನ್ನೂ ಕಾಯಬೇಕು.

ಯಾವ ಎಣ್ಣೆ?

ಹಣ್ಣು, ಬ್ರೆಡ್ ಕೊಯ್ಯುವ ಚಾಕು ಇದು ಅನ್ನುವುದನ್ನು ಮರೆಯದೆ ಎಣ್ಣೆ ಆರಿಸಿ. ಎಂಜಿನ್ ಆಯಿಲ್, ಸುಟ್ಟ ಆಯಿಲ್, ಗ್ರೀಸ್ ಇಲ್ಲಿಗೇ ಮುಗಿಯಿತು. ಗ್ರೀಸ್ ಧೂಳನ್ನೂ ಹಿಡಿದಿಡುತ್ತದೆ.

ನನ್ನ ಆಯ್ಕೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್. ಬಾಟಲಿ ಮೇಲೆ ‘ಐಪಿ’ ಅಂತ ಇರಬೇಕು, ಅದು ಔಷಧಿ ಗುಣಮಟ್ಟದ ಗುರುತು. ಮಲಬದ್ಧತೆಗೆ ಕುಡಿಯಲು ಕೊಡುವ ಔಷಧಿ ಅದು, ಆದ್ದರಿಂದ ಅಂಗಡಿಯವರು ಒಂಥರಾ ನೋಡಿದರೆ ತಲೆ ಕೆಡಿಸಿಕೊಳ್ಳಬೇಡಿ. ಬಣ್ಣ ಇಲ್ಲ, ವಾಸನೆ ಇಲ್ಲ, ಅಂಟಾಗುವುದಿಲ್ಲ, ಕಮಟುವುದಿಲ್ಲ. ಒಂದು ಬಾಟಲಿ ವರ್ಷಗಟ್ಟಲೆ ಬರುತ್ತದೆ. ಚಾಕು ಕಂಪನಿಗಳೇ ಮಾರುವ ಪುಟ್ಟ ಬಾಟಲಿಯ ಎಣ್ಣೆಯೂ ಒಳ್ಳೆಯದೇ. ವಿಕ್ಟೋರಿನಾಕ್ಸ್‌ನದು ಆಹಾರ ತಾಗಿದರೂ ತೊಂದರೆ ಇಲ್ಲದ್ದು, ದುಡ್ಡು ಜಾಸ್ತಿ ಅಷ್ಟೆ. ಹೊಲಿಗೆ ಮಿಷನ್ ಎಣ್ಣೆ ತೆಳುವಾಗಿದ್ದು ಕೀಲಿಗೆ ಚೆನ್ನಾಗಿ ಇಳಿಯುತ್ತದೆ. ವೈರ್, ಸ್ಕ್ರೂ ಕೆಲಸಕ್ಕೆ ಮಾತ್ರ ಬಳಸುವ ಟೂಲ್‌ಗೆ ಅದು ಸಾಕು. ಅದರಿಂದ ಸೇಬು ಕೊಯ್ಯುವವರು ಪ್ಯಾರಾಫಿನ್‌ಗೇ ಹೋಗಿ.

ಡಬ್ಲ್ಯೂಡಿ-40? ಎಲ್ಲರ ಮನೆಯಲ್ಲೂ ಇರುವ ನೀಲಿ ಹಳದಿ ಸ್ಪ್ರೇ ಡಬ್ಬ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ತಯಾರಾದಾಗ ಅದರ ಉದ್ದೇಶ ನೀರನ್ನು ಓಡಿಸಿ ತುಕ್ಕು ತಡೆಯುವುದು. 40 ಅಂದರೆ ನಲವತ್ತನೇ ಪ್ರಯತ್ನದ ಸೂತ್ರ. ಆ ಕೆಲಸವನ್ನು ಅದು ಇವತ್ತಿಗೂ ಚೆನ್ನಾಗಿಯೇ ಮಾಡುತ್ತದೆ. ಜಾಮ್ ಆದ ಕೀಲನ್ನು ಬಿಡಿಸಲು, ಕೊಳೆ ಕರಗಿಸಲು ಬಳಸಿ. ಆದರೆ ಅದರಲ್ಲಿ ಬಹುಪಾಲು ಆರಿಹೋಗುವ ದ್ರವ. ಉಳಿಯುವ ಎಣ್ಣೆಯ ಪದರ ತೆಳು, ಹೆಚ್ಚು ದಿನ ಬಾಳುವುದಿಲ್ಲ. ಸಿಂಪಡಿಸಿದ ಮೇಲೆ ಸೋಪಿನಲ್ಲಿ ತೊಳೆದು, ಒಣಗಿಸಿ, ಬೇರೆ ಎಣ್ಣೆ ಬಿಡುವುದು ಸರಿಯಾದ ದಾರಿ.

ಅಡುಗೆ ಎಣ್ಣೆಗಳ ಬಗ್ಗೆ ಜಗಳವೇ ಆಗುತ್ತದೆ. ಸೂರ್ಯಕಾಂತಿ, ಎಳ್ಳೆಣ್ಣೆ ಗಾಳಿಗೆ ಇದ್ದಷ್ಟೂ ಗಟ್ಟಿಯಾಗುತ್ತವೆ. ಹಳೇ ಬಾಣಲೆಯ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿ, ಎಷ್ಟು ಉಜ್ಜಿದರೂ ಬಿಡದ ಜಿಡ್ಡು ಇರುತ್ತದಲ್ಲ, ಕೀಲಿನೊಳಗೂ ಕಾಲಾಂತರದಲ್ಲಿ ಅದೇ ಜಿಡ್ಡು ಕಟ್ಟುತ್ತದೆ. ಕೊಬ್ಬರಿ ಎಣ್ಣೆ ಅಷ್ಟು ಬೇಗ ಜಿಡ್ಡುಗಟ್ಟುವುದಿಲ್ಲ, ಆದರೆ ಕಮಟುತ್ತದೆ. ಮತ್ತೆ 24 ಡಿಗ್ರಿ ಆಸುಪಾಸಿಗೆ ಇಳಿದರೆ ಗಟ್ಟಿಯಾಗುತ್ತದೆ. ಡಿಸೆಂಬರಿನ ಮಡಿಕೇರಿಯಲ್ಲಿ ಬೆಳಿಗ್ಗೆ ಚಾಕು ತೆಗೆಯಲು ಹೋದರೆ ಬಿಗಿ ಅನ್ನಿಸುವುದು ಖಂಡಿತ. ಪ್ರವಾಸದಲ್ಲಿ ಬೇರೇನೂ ಇಲ್ಲದಿದ್ದರೆ ಬಳಸಿ, ಮನೆಗೆ ಬಂದು ತೊಳೆದುಬಿಡಿ.

ಒಂದು ಹನಿ, ಎಲ್ಲಿ?

ಬಾಟಲಿಯಿಂದ ನೇರವಾಗಿ ಸುರಿಯಬೇಡಿ. ಕಡ್ಡಿಯ ತುದಿಯನ್ನು ಎಣ್ಣೆಯಲ್ಲಿ ಅದ್ದಿ ಎತ್ತಿದರೆ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಹನಿ ನಿಲ್ಲುತ್ತದೆ. ಅದೇ ಅಳತೆ. ಬ್ಲೇಡನ್ನು ಅರ್ಧ ತೆರೆದು, ಅದರ ಬುಡ ಸ್ಪ್ರಿಂಗಿಗೆ ತಾಗುವ ಜಾಗಕ್ಕೆ ಕಡ್ಡಿ ಮುಟ್ಟಿಸಿ. ಹನಿಯನ್ನು ಸಂದಿ ತಾನೇ ಒಳಗೆಳೆದುಕೊಳ್ಳುತ್ತದೆ. ಎಳೆದುಕೊಳ್ಳದೆ ಮೇಲೇ ನಿಂತರೆ ಒಳಗೆ ಇನ್ನೂ ನೀರೋ ಕೊಳೆಯೋ ಇದೆ ಅಂತ ಅರ್ಥ.

ಬ್ಲೇಡಿನ ಎರಡು ಪಕ್ಕ, ಅಂದರೆ ಬುಡವು ತಗಡಿನ ಜೊತೆ ಉಜ್ಜುವ ಕಡೆಗೂ ಇಷ್ಟೇ ಇಷ್ಟು. ಕತ್ತರಿಯ ನಡುಗೀಲು, ಅದರ ಸಣ್ಣ ಸ್ಪ್ರಿಂಗಿನ ತುದಿ, ಲಾಕ್ ಪಟ್ಟಿ ಬ್ಲೇಡಿಗೆ ತಾಗುವ ಕೀಲು. ಇಕ್ಕಳದ ನಡುಗೀಲಿಗೆ ಎರಡೂ ಕಡೆಯಿಂದ ಒಂದೊಂದು ಹನಿ. ಹಿಡಿಗಳ ಬುಡದ ಕೀಲುಗಳನ್ನು ಮರೆಯಬೇಡಿ.

ಒಂದೊಂದನ್ನೂ ಹತ್ತಾರು ಸಲ ಆಡಿಸಿ. ಅಂಚಿನಲ್ಲಿ ಕಪ್ಪು ಎಣ್ಣೆ ಒಸರಿದರೆ ಒರೆಸಿ, ಮತ್ತೆ ಆಡಿಸಿ. ಎರಡನೇ ಸಲಕ್ಕೆ ತಿಳಿಯಾಗಬೇಕು. ಮೂರನೇ ಸಲವೂ ಕಪ್ಪೇ ಬಂದರೆ ಬೇಜಾರಾದರೂ ಸರಿ, ಮತ್ತೆ ಸೋಪು ನೀರಿಗೆ ಹಾಕಿ. ಕೊನೆಗೆ ಎಣ್ಣೆ ತಾಗಿದ ಬಟ್ಟೆಯಲ್ಲಿ ಇಡೀ ಲೋಹವನ್ನು ತೆಳುವಾಗಿ ಸವರಿ, ಒಣ ಬಟ್ಟೆಯಲ್ಲಿ ಒರೆಸಿ. ಕೈಗೆ ಜಿಡ್ಡು ಹತ್ತಬಾರದು. ಮಡಚಿ, ಹಳೇ ಬಟ್ಟೆಯ ಮೇಲೆ ರಾತ್ರಿ ಬಿಟ್ಟರೆ ಹೆಚ್ಚಾದ ಎಣ್ಣೆ ಇಳಿಯುತ್ತದೆ. ಬೆಳಿಗ್ಗೆ ಇನ್ನೊಮ್ಮೆ ಒರೆಸಿ ಜೇಬಿಗೆ ಹಾಕಿಕೊಳ್ಳಿ.

ಆಗಲೇ ತುಕ್ಕು ಹಿಡಿದಿದ್ದರೆ

ಮೇಲ್ಮೈಯ ಕಿತ್ತಳೆ ಚುಕ್ಕೆ ಆದರೆ ಸುಲಭ. ಅಲ್ಯೂಮಿನಿಯಂ ಫಾಯಿಲ್ ಚೂರನ್ನು ಉಂಡೆ ಮಾಡಿ, ನೀರಲ್ಲಿ ಅದ್ದಿ, ಚುಕ್ಕೆಯ ಮೇಲೆ ಉಜ್ಜಿ. ಫಾಯಿಲ್ ಸ್ಟೀಲಿಗಿಂತ ಮೆತ್ತಗೆ, ಹಾಗಾಗಿ ಗೀರು ಕಡಿಮೆ. ಅಡುಗೆ ಸೋಡಾ ಪೇಸ್ಟ್ ಕೂಡ ಆಗುತ್ತದೆ. ಉಪ್ಪುಕಾಗದ ಹಾಕಬೇಡಿ. ಪಾತ್ರೆ ಉಜ್ಜುವ ಕಬ್ಬಿಣದ ನಾರು ಇನ್ನೂ ಕೆಟ್ಟದ್ದು. ಅದರ ಚೂರುಗಳು ಅಲ್ಲೇ ಉಳಿದು ಹೊಸ ತುಕ್ಕಿಗೆ ಬೀಜ ಆಗುತ್ತವೆ. ತಾಮ್ರದ ಚೊಂಬಿಗೆ ಮಾಡುವಂತೆ ಹುಣಸೆಹಣ್ಣು, ನಿಂಬೆ ಹಚ್ಚಿ ಬಿಡುವುದೂ ಬೇಡ. ಚುಕ್ಕೆ ಹೋದ ಮೇಲೆ ಸಣ್ಣ ಗುಳಿ ಉಳಿದಿದ್ದರೆ ಅದು ಹೋಗುವುದಿಲ್ಲ. ಎಣ್ಣೆ ಸವರಿಕೊಂಡು ಬಳಸುತ್ತಿರಿ.

ಸ್ಕ್ರೂ ಬಿಚ್ಚುವ ಆಸೆ

ಇಕ್ಕಳದ ಟೂಲ್‌ಗಳಲ್ಲಿ ನಕ್ಷತ್ರದ ಬಾಯಿಯ ಟಾರ್ಕ್ಸ್ ಸ್ಕ್ರೂಗಳು ಕಾಣುತ್ತವೆ. ಕೆಲವಕ್ಕೆ ನಡುವೆ ಮೊಳೆಯೂ ಇರುತ್ತದೆ, ಮಾಮೂಲಿ ಬಿಟ್ ಒಳಗೆ ಹೋಗುವುದಿಲ್ಲ. ನೀವು ಬಿಚ್ಚಬಾರದು ಅಂತಲೇ ಇಟ್ಟದ್ದು ಅದು. ನನ್ನ ಮಟ್ಟಿಗೆ ಹೇಳುವುದಾದರೆ, ಬರೀ ಕೊಳೆ ತೆಗೆಯಲು ಬಿಚ್ಚುವ ಅಗತ್ಯ ಬರುವುದೇ ಇಲ್ಲ. ಒಳಗೆ ಕಾಗದದಷ್ಟು ತೆಳುವಾದ ವಾಷರ್‌ಗಳಿರುತ್ತವೆ. ಒಂದು ನೆಲಕ್ಕೆ ಬಿತ್ತೆಂದರೆ ಹುಡುಕುತ್ತಾ ಕೂರಬೇಕು. ಮೇಲಾಗಿ ವಾರಂಟಿ ಇದ್ದರೆ ಅದಕ್ಕೂ ಕುತ್ತು ಬರಬಹುದು. ಲೆದರ್‌ಮನ್‌ನವರು ಟೂಲ್‌ಗೆ 25 ವರ್ಷ ಕೊಡುತ್ತಾರೆ, ಅದನ್ನು ಸುಮ್ನೆ ಯಾಕೆ ಕಳೆದುಕೊಳ್ಳಬೇಕು?

ಸ್ಕ್ರೂ ಸಡಿಲವಾಗಿ ಬ್ಲೇಡ್ ಅಲುಗಾಡುತ್ತಿದ್ದರೆ ಮಾತ್ರ ಸರಿಯಾದ ಅಳತೆಯ ಬಿಟ್ ತಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಪದೇ ಪದೇ ಸಡಿಲವಾಗುತ್ತಿದ್ದರೆ ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಚುಕ್ಕೆ, ಸ್ಕ್ರೂವಿನ ಸುರುಳಿ ಗೀರುಗಳಿಗೆ ಮಾತ್ರ. ಕೆಂಪು ಬಣ್ಣದ್ದು ಬೇಡ, ಅದನ್ನು ಬಿಡಿಸಲು ಕಾಯಿಸಬೇಕಾಗುತ್ತದೆ. ನೀಲಿಯದ್ದೂ ಕೀಲಿಗೆ ಹರಿದರೆ ಕೀಲೇ ಅಂಟಿಕೊಳ್ಳುತ್ತದೆ.

ಮತ್ತೆ ಯಾವಾಗ?

ಕ್ಯಾಲೆಂಡರ್ ನೋಡಿ ಮಾಡುವ ಕೆಲಸ ಅಲ್ಲ. ಸಮುದ್ರಕ್ಕೆ ಹೋಗಿ ಬಂದ ದಿನ, ಮಾವು ಹಲಸು ಕೊಯ್ದ ದಿನ ಸಿಹಿನೀರಿನಲ್ಲಿ ಜಾಲಿಸಿ ಒಣಗಿಸಿದರೆ ಸಾಕು. ಪೂರ್ತಿ ಸ್ನಾನ ಬಿಗಿಯಾದಾಗ. ಮಳೆಗಾಲಕ್ಕೆ ಮೊದಲು ಒಂದು ಸಲ ಮಾಡಿಕೊಂಡರೆ ಒಳ್ಳೆಯದು.

ತುಂಬ ದಿನ ಬಳಸದೆ ಇಡುವುದಾದರೆ ಚರ್ಮದ ಚೀಲದಿಂದ ಹೊರಗೆ ತೆಗೆಯಿರಿ. ಚರ್ಮ ತೇವ ಹಿಡಿದಿಡುತ್ತದೆ, ಹದ ಮಾಡಲು ಬಳಸಿದ ಉಪ್ಪು ಮತ್ತು ಆಮ್ಲದ ಅಂಶವೂ ಅದರಲ್ಲಿ ಉಳಿದಿರಬಹುದು. ಮುಚ್ಚಳ ಬಿಗಿಯಾಗುವ ಡಬ್ಬಿಯಲ್ಲಿ, ಚಪ್ಪಲಿ ಡಬ್ಬದ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ. ತಿಂಗಳಿಗೊಮ್ಮೆ ತೆಗೆದು ಎಲ್ಲಾ ಕೀಲುಗಳನ್ನು ಒಂದು ಸುತ್ತು ಆಡಿಸಿ. ವಿಮಾನ ಹತ್ತುವುದಿದ್ದರೆ ಕೈಚೀಲದಲ್ಲಿ ಇಡಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ. ಸೆಕ್ಯುರಿಟಿಯವರು ಕೈಚೀಲದಿಂದ ತೆಗೆದಿಟ್ಟುಕೊಂಡರೆ ವಾಪಸ್ ಸಿಗುವುದು ಕಷ್ಟ.